ಮೂರು ಕಾಲಿನ ಸ್ಟ್ಯಾಂಡ್ ಎರಡು

ಹೆಸರು ಸರಿಯಾಗಿ ಹೇಳದವನಿಗೆ ಸಾಮಾನು ಕೊಡಬಾರದು ಎಂಬುದು ಲಿಯೋನೆಲ್ಲನ ಸಿದ್ಧಾಂತ. ಮಸ್ಕತ್ತಿನ ಒಂದು ಕಂಪನಿಯ ಸ್ಟೋರಿನಲ್ಲಿ ಅವನು ಆಯುಷ್ಯದ ಅರ್ಧಭಾಗ ಕಳೆದವನು. ‘ಆ ಉರುಟಿನದ್ದು ಒಂದು ಕೊಡಿ’ ಎಂದು ಯಾರಾದರೂ ಕಿಟಕಿಯೊಳಗೆ ಕೈ ಚಾಚಿದರೆ, ‘ಉರುಟಿನದ್ದು ಅಂದರೆ ಚಂದ್ರನಾ?’ ಎಂದು ಕೇಳಿ ಕಿಟಕಿ ಮುಚ್ಚಿಬಿಡುತ್ತಿದ್ದನಂತೆ. ಕೆಲಸ ಬಿಟ್ಟು ಕಾಪುವಿನ ಮನೆಗೆ ಬಂದು ಕೂತ ಮೇಲೂ ಆ ಚಾಳಿ ಹೋಗಲಿಲ್ಲ; ಹುಟ್ಟುಗುಣ ಸುಟ್ಟರೂ ಹೋಗದು ತಾನೆ. ಮಗ ಕ್ಲಾಯ್ಡ್ ‘ಪಪ್ಪಾ, ಆ ಸಾಮಾನು ಎಲ್ಲಿ?’ ಎಂದರೆ ಪೇಪರಿನ ಹಿಂದಿನಿಂದ ಉತ್ತರವೇ ಬರುತ್ತಿರಲಿಲ್ಲ. ‘ಟೆಸ್ಟರ್ ಎಲ್ಲಿ?’ ಎಂದರೆ ಮಾತ್ರ ಬೆರಳು ಕಪಾಟಿನ ಕಡೆ ಏಳುತ್ತಿತ್ತು. ಇಂಥ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಸಲ ಹೆಸರು ಹೇಳದೆ ಸಾಮಾನು ತರಿಸಿದ. ಅದು ಆ ಮಗ ಸತ್ತಾಗ.

ಕ್ಲಾಯ್ಡ್ ಉಡುಪಿಯಲ್ಲಿ ಏಸಿ ರಿಪೇರಿಗೆ ಹೋಗುತ್ತಿದ್ದ. ಒಬ್ಬನೇ ಮಗ, ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಜೂನ್ ತಿಂಗಳ ಮಳೆ ಹಿಡಿಯುತ್ತಿದ್ದಂತೆ ಜ್ವರ ಬಂತು. ಎಲ್ಲರ ಮನೆಯಲ್ಲೂ ಜ್ವರವೇ, ಗುಳಿಗೆ ನುಂಗಿ ಮಲಗಿದ. ಮೈಮೇಲೆ ಕೆಂಪು ಚುಕ್ಕೆ ಎದ್ದಾಗ ಡೆಂಗಿ ಎಂದು ಗೊತ್ತಾಯಿತು. ಮಣಿಪಾಲಕ್ಕೆ ಕರೆದುಕೊಂಡು ಹೋಗುವಾಗ ಆಟೋದಲ್ಲಿ ಕೂತು ತಮಾಷೆ ಮಾಡುತ್ತಿದ್ದವನು, ಆಸ್ಪತ್ರೆಯಲ್ಲಿ ಮಾತೇ ಇಲ್ಲದೆ ಮಲಗಿಬಿಟ್ಟ. ಡಾಕ್ಟರುಗಳು ಮಾಡಬೇಕಾದ್ದನ್ನೆಲ್ಲ ಮಾಡಿದರು. ಯಾರನ್ನು ಬೈಯುವುದಕ್ಕೂ ಲಿಯೋನೆಲ್ಲನಿಗೆ ಒಂದು ಎಡೆ ಸಿಗಲಿಲ್ಲ.

ತಾಯಿ ಇಮೆಲ್ಡಾ ಇಸ್ರೇಲಿನಲ್ಲಿದ್ದಳು. ಅಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. ಗಂಡ ಗಲ್ಫಿನಿಂದ ವಾಪಸಾದ ವರ್ಷ ಹೆಂಡತಿ ಹೊರಟವಳು. ಮಗನಿಗೆ ಹುಷಾರಿಲ್ಲ ಎಂದ ಕೂಡಲೇ ಆ ಮುದುಕಿಯ ಮಕ್ಕಳು ‘ಇವತ್ತೇ ಹೊರಡು’ ಎಂದು ಟಿಕೆಟನ್ನೂ ತೆಗೆದುಕೊಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಎರಡೂ ಕೈಯಿಂದ ಕೊಟ್ಟ, ದೇವರೇ ಕೊಡಲಿಲ್ಲ. ಅವಳು ಹೊರಡುವ ಮೊದಲೇ ಅಲ್ಲಿ ಯುದ್ಧ ಹತ್ತಿಕೊಂಡು ವಿಮಾನಗಳೆಲ್ಲ ನಿಂತುಹೋದವು. ಪೆಟ್ಟಿಗೆ ಕಟ್ಟಿ ಬಾಗಿಲ ಬಳಿ ಇಟ್ಟುಕೊಂಡು ಇಮೆಲ್ಡಾ ಆಕಾಶ ತೆರೆಯುವುದನ್ನು ಕಾದಳು. ಮಗ ಕಾಯಲಿಲ್ಲ.

ಅವನು ಹೋಗುವ ಮುಂಚಿನ ದಿನ ನರ್ಸ್ ಪಾಪ ನೋಡಿ ಎರಡು ನಿಮಿಷ ವೀಡಿಯೋ ಕಾಲ್ ಮಾಡಲಿಕ್ಕೆ ಬಿಟ್ಟಿದ್ದಳು. ಲಿಯೋನೆಲ್ ಫೋನ್ ಹಿಡಿದ. ಕೈ ನಡುಗುತ್ತಲೇ ಇತ್ತು. ಮಂಚದ ಕಂಬಿ, ನಳಿಗೆ, ಲೈಟು, ಮತ್ತೆ ಮಂಚದ ಕಂಬಿ. ‘ಮುಖ ತೋರಿಸಿ, ಮುಖ’ ಎಂದು ಇಮೆಲ್ಡಾ ಹೇಳುತ್ತಿದ್ದಂತೆ ಎರಡು ನಿಮಿಷ ಮುಗಿಯಿತು.

ಆಮೇಲೆ ಶವವನ್ನು ಮಣಿಪಾಲದಲ್ಲೇ ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ವಿಮಾನಕ್ಕಾಗಿ ಕಾದದ್ದಾಯಿತು. ಟಿವಿಯಲ್ಲಿ ಹೊಗೆ ಏಳುವುದು ನಿಲ್ಲಲಿಲ್ಲ. ಕೊನೆಗೆ ಇಮೆಲ್ಡಾಳೇ ಹೇಳಿದಳು, “ಮಣ್ಣು ಮಾಡಿ. ಮಗುವನ್ನು ಎಷ್ಟು ದಿನ ಚಳಿಯಲ್ಲಿ ಇಡ್ತೀರಿ?”

ಲಿಯೋನೆಲ್ ಟಿವಿ ಆರಿಸಿದ.

“ನನಗೆ ಒಂದೇ ಒಂದು ಬೇಕು,” ಎಂದಳು. “ಪೆಟ್ಟಿಗೆ ಮುಚ್ಚುವ ಮೊದಲು ನಾನು ಅವನ ಮೋರೆ ನೋಡಬೇಕು. ಸರಿಯಾಗಿ ನೋಡಬೇಕು. ಫೋನ್ ಕೈಯಲ್ಲಿ ಹಿಡಿಯಬೇಡಿ, ನಿಮ್ಮ ಕೈ ನಡುಗ್ತದೆ. ಎಂತದಾದರೂ ಸ್ಟ್ಯಾಂಡಿನ ಮೇಲೆ ಇಡಿ. ಮತ್ತೆ, ನಾನು ಸಾಕು ಅಂತ ಹೇಳುವವರೆಗೆ ಮುಚ್ಚಬೇಡಿ.”

“ನೀನು ಸಾಕು ಅಂತ ಹೇಳದೆ ಮುಚ್ಚುವುದಿಲ್ಲ,” ಎಂದ ಲಿಯೋನೆಲ್.

ಇಮೆಲ್ಡಾಳ ತಮ್ಮ ಕಾರ್ಲ್ಟನ್ ಕಾರ್ಕಳದಿಂದ ಕಾರು ತೆಗೆದುಕೊಂಡು ಬಂದು ಎಲ್ಲ ಓಡಾಟ ತಲೆಮೇಲೆ ಹೊತ್ತಿದ್ದ. “ಭಾವ, ಉಡುಪಿಯಲ್ಲಿ ಲೈವ್ ಮಾಡುವವರು ಇದ್ದಾರೆ, ಎರಡು ಕ್ಯಾಮರಾ ತರ್ತಾರೆ, ಹೇಳಲಾ?” ಎಂದು ಕೇಳಿದ. ಲಿಯೋನೆಲ್ಲನಿಗೆ ಸಿಟ್ಟು ಬಂತು. ಈಗೀಗ ನಮ್ಮ ಕಡೆ ಮದುವೆಗೂ ಲೈವ್, ಮರಣಕ್ಕೂ ಲೈವ್. ವೀಡಿಯೋದ ಕೆಳಗಡೆ ಗುರುತು ಪರಿಚಯ ಇಲ್ಲದವರ ಕೈಮುಗಿಯುವ ಚಿತ್ರ. “ನನ್ನ ಮಗನನ್ನು ಊರಿಗೆಲ್ಲ ತೋರಿಸಲಿಕ್ಕಿಲ್ಲ. ಅವಳೊಬ್ಬಳು ನೋಡಿದರೆ ಸಾಕು,” ಎಂದ. ಅದೂ ತಪ್ಪಲ್ಲ. ದುಃಖದಲ್ಲಿರುವವನ ಮಾತು ಯಾವುದೂ ಆ ಕ್ಷಣಕ್ಕೆ ತಪ್ಪೆಂದು ಕಾಣುವುದಿಲ್ಲ.

ಶವಾಗಾರದ ಹೊರಗೆ ಮಳೆಯಲ್ಲಿ ನಿಂತುಕೊಂಡು ಅವನು ಕಾಪುವಿನ ಭುಜಂಗನಿಗೆ ಫೋನ್ ಮಾಡಿದ. ಭುಜಂಗನದ್ದು ಶಾಮಿಯಾನ, ಕುರ್ಚಿ, ಮೈಕು, ಡೆಕೊರೇಶನ್ ಬಾಡಿಗೆಗೆ ಕೊಡುವ ಅಂಗಡಿ. ಚಪ್ಪರ, ಕುರ್ಚಿ ಎಲ್ಲ ಹೇಳಿ ಮುಗಿಸಿದ ಮೇಲೆ ಲಿಯೋನೆಲ್ ಹೇಳಿದ:

“ಮತ್ತೆ ಭುಜಂಗಣ್ಣ, ಮೂರು ಕಾಲಿನ ಸ್ಟ್ಯಾಂಡ್ ಎರಡು ಬೇಕು.”

“ಫೋಟೋಕ್ಕಾ?”

“ಹೌದು, ಫೋಟೋಕ್ಕೆ.”

ಇಷ್ಟೇ ಮಾತು. ಈ ಮಾತಿನಲ್ಲಿ ಯಾರು ಸುಳ್ಳು ಹೇಳಿದರು? ಲಿಯೋನೆಲ್ಲನ ಮನಸ್ಸಿನಲ್ಲಿದ್ದದ್ದು ಮಗನ ದೊಡ್ಡ ಫೋಟೋ ಇಡುವುದಕ್ಕೆ ಒಂದು, ಫೋನ್ ಕೂರಿಸುವುದಕ್ಕೆ ಇನ್ನೊಂದು. ಭುಜಂಗ ಅಂದುಕೊಂಡದ್ದು ಒಂದು ಫೋಟೋಕ್ಕೆ, ಇನ್ನೊಂದು ಯಾವುದಾದರೂ ಸಂಘದವರ ಶ್ರದ್ಧಾಂಜಲಿ ಬೋರ್ಡಿಗೆ. ‘ಎಂಥ ಸ್ಟ್ಯಾಂಡ್, ಯಾವುದಕ್ಕೆ’ ಎಂದು ಇನ್ನೊಮ್ಮೆ ಕೇಳಬಹುದಿತ್ತು. ಆದರೆ ಸಾವಿನ ಮನೆಯವರ ಹತ್ತಿರ ಎರಡನೇ ಪ್ರಶ್ನೆ ಕೇಳುವುದು ನಮ್ಮ ಊರಿನ ಮರ್ಯಾದೆಯಲ್ಲ. ಹಾಗಾಗಿ ಅವನು, ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಗೌರವದಿಂದ ಕರೆಯುವ ಹಾಗೆ, “ಆಯ್ತು ಪೊರ್ಬುಗಳೇ, ನಾನು ನೋಡಿಕೊಳ್ತೇನೆ,” ಎಂದು ಫೋನ್ ಇಟ್ಟ.

ಭುಜಂಗನ ಗೋಡೌನಿನಲ್ಲಿ ಎರಡೂ ಇದ್ದವು. ಒಂದು ಮೂಲೆಯಲ್ಲಿ ಚಿನ್ನದ ಬಣ್ಣ ಬಳಿದ ಮರದ ಈಸಲ್‌ಗಳು. ಮದುವೆ ಹಾಲಿನ ಬಾಗಿಲಲ್ಲಿ ವಧೂವರರ ಹೆಸರಿನ ಬೋರ್ಡ್ ಹೊತ್ತು ನಿಲ್ಲುತ್ತವಲ್ಲ, ಅವು. ಮುಂದೆ ಎರಡು ಕಾಲು, ಹಿಂದೆ ಒಂದು ಕಾಲು, ನಡುವೆ ಒಂದು ಪಟ್ಟಿ. ಆ ಪಟ್ಟಿಯ ಮೇಲೆ ಇಟ್ಟದ್ದೆಲ್ಲ ಸ್ವಲ್ಪ ಹಿಂದಕ್ಕೆ ಒರಗಿ, ಆರಾಮ ಕುರ್ಚಿಯಲ್ಲಿ ಕೂತ ಯಜಮಾನನ ಹಾಗೆ ಮುಖ ಮೇಲೆ ಮಾಡಿಕೊಂಡಿರುತ್ತದೆ. ಇನ್ನೊಂದು ಮೂಲೆಯಲ್ಲಿ ಕಪ್ಪು ಟ್ರೈಪಾಡ್‌ಗಳು. ಅದಕ್ಕೂ ಮೂರೇ ಕಾಲು, ಆದರೆ ಮೂರರ ನೆತ್ತಿಯಲ್ಲಿ ಒಂದು ತಲೆ ಇದೆ, ತಲೆಗೆ ತಿರುಪು ಇದೆ. ಮೇಲೆ ನೋಡು ಎಂದರೆ ಮೇಲೆ, ಕೆಳಗೆ ನೋಡು ಎಂದರೆ ಕೆಳಗೆ. ಒಂದು ಒರಗಿಸಿಕೊಳ್ಳುವುದು, ಇನ್ನೊಂದು ಹೊತ್ತುಕೊಳ್ಳುವುದು. ಊರಿನ ಬಾಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು. ಮಸ್ಕತ್ತಿನ ಕಿಟಕಿಯಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ಲಿಯೋನೆಲ್ ಅವನನ್ನು ವಾಪಸು ಅಟ್ಟುತ್ತಿದ್ದ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ತಗಡಿನ ಚಪ್ಪರ ಎದ್ದಿತು. ಭುಜಂಗನ ವ್ಯಾನ್ ಎರಡು ಚಿನ್ನದ ಬಣ್ಣದ ಈಸಲ್‌ಗಳನ್ನು ಇಳಿಸಿ ಹೋಯಿತು. ಒಂದರ ಮೇಲೆ ಕ್ಲಾಯ್ಡನ ಫೋಟೋ ಇಟ್ಟು ಬಿಳಿ ಹೂವಿನ ಹಾರ ಹಾಕಿದರು. ಇನ್ನೊಂದನ್ನು ನೋಡಿ ಕಾರ್ಲ್ಟನ್ ತಲೆ ಕೆರೆದುಕೊಂಡ.

“ಭಾವ, ಇದು ಬೋರ್ಡ್ ಇಡುವ ಸ್ಟ್ಯಾಂಡ್ ಅಲ್ವಾ?”

“ಮೂರು ಕಾಲು ಉಂಟಾ?”

“ಉಂಟು.”

“ನಿಲ್ತದಾ?”

“ನಿಲ್ತದೆ.”

“ಮತ್ತೆಂತ ಮಾರಾಯ! ಆಂಬ್ಯುಲೆನ್ಸ್ ಮಣಿಪಾಲ ಬಿಟ್ಟಾಯ್ತು, ಈಗ ಸ್ಟ್ಯಾಂಡ್ ಹುಡುಕಲಿಕ್ಕೆ ಹೋಗ್ತೀಯಾ?”

ಕಾರ್ಲ್ಟನ್ ಪಟ್ಟಿಯ ಮೇಲೆ ಲಿಯೋನೆಲ್ಲನ ಫೋನನ್ನು ಒರಗಿಸಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿ, ಅಕ್ಕನಿಗೆ ಕಾಲ್ ಮಾಡಿದ. ಇಮೆಲ್ಡಾ ಪರದೆಯಲ್ಲಿ ಬಂದಳು. ಕಬ್ಬಿಣದ ಕಿಟಕಿಯ ಒಂದು ಸಣ್ಣ ಕೋಣೆ, ಬಾಂಬ್ ಬಿದ್ದರೆ ಅಡಗುವ ಜಾಗವಂತೆ. ತಲೆಗೆ ಕಪ್ಪು ವೇಲ್ ಹಾಕಿಕೊಂಡಿದ್ದಳು. ಹಿಂದೆ ಗಾಲಿಕುರ್ಚಿಯಲ್ಲಿ ಆ ಮುದುಕಿ.

ಲಿಯೋನೆಲ್ ಫೋನಿನ ಎದುರು ನೆಟ್ಟಗೆ ನಿಂತ. “ಕಾಣ್ತದಾ?”

“ಕಾಣ್ತದೆ, ಚೆಂದ ಕಾಣ್ತದೆ. ಅಲ್ಲಾಡುವುದಿಲ್ಲ,” ಎಂದಳು. ಮತ್ತೆ, “ನೀವು ಗಡ್ಡ ತೆಗೆದಿಲ್ಲ,” ಎಂದಳು.

ನಿಂತವನ ಮುಖ ಕಂಡಿತು, ಆದ್ದರಿಂದ ಎಲ್ಲವೂ ಕಾಣುತ್ತದೆ ಎಂದುಕೊಂಡರು. ಮಲಗಿದವನು ಎಲ್ಲಿ ಮಲಗುತ್ತಾನೆ ಎಂದು ಯಾರೂ ಯೋಚಿಸಲಿಲ್ಲ.

ಆಂಬ್ಯುಲೆನ್ಸ್ ಬಂತು. ಪೆಟ್ಟಿಗೆಯನ್ನು ಇಳಿಸಿ, ಈಸಲ್‌ಗಳ ಮುಂದೆಯೇ, ಮೊಣಕಾಲೆತ್ತರದ ಬೆಂಚಿನ ಮೇಲೆ ಇಟ್ಟು ತೆರೆದರು. ಕ್ಲಾಯ್ಡನಿಗೆ ಲಿಯೋನೆಲ್ಲನ ಅಕ್ಕನ ಮಗಳ ಮದುವೆಗೆಂದು ಹೊಲಿಸಿದ್ದ ನೀಲಿ ಕೋಟು ತೊಡಿಸಿದ್ದರು. ಚಳಿಯಲ್ಲಿಟ್ಟ ಮುಖ ಇನ್ನೂ ಚೆನ್ನಾಗಿಯೇ ಇತ್ತು. ಆದರೆ ಆಸ್ಪತ್ರೆಯವರು ಹೇಳಿ ಕಳಿಸಿದ್ದರು: ಹೆಚ್ಚು ಹೊತ್ತು ತೆರೆದಿಡಬೇಡಿ, ಒಮ್ಮೆ ಮುಚ್ಚಿದ ಮೇಲೆ ಮತ್ತೆ ತೆರೆಯಬೇಡಿ. ಹಾಗಾಗಿ ಕೊನೆಯ ದರ್ಶನ ಮನೆಯಲ್ಲೇ, ಇಗರ್ಜಿಯಲ್ಲಿ ಇಲ್ಲ ಎಂದು ಫಾದರ್ ಮೊದಲೇ ಒಪ್ಪಿದ್ದರು.

ಫಾದರ್ ಮೈಕು ಹಿಡಿದು ಪ್ರಾರ್ಥನೆ ಶುರುಮಾಡಿದ ಕೂಡಲೇ ಫೋನಿನಿಂದ ಇಮೆಲ್ಡಾಳ ಅಳು ಹೊರಟು, ಮೈಕಿಗೆ ಸಿಕ್ಕಿ, ಸ್ಪೀಕರಿನಲ್ಲಿ ಕುಂಯ್ ಎಂದು ಕಿವಿಗಡಚಿಕ್ಕುವ ಶಬ್ದವಾಯಿತು. ಜನ ಬೆಚ್ಚಿ ತಿರುಗಿದರು. ಕಾರ್ಲ್ಟನ್ ಓಡಿಹೋಗಿ ಬಗ್ಗಿ, “ಅಕ್ಕಾ, ನಿನ್ನ ಸೌಂಡ್ ಬಂದ್ ಮಾಡ್ತೇನೆ. ನಮ್ಮದು ನಿನಗೆ ಕೇಳ್ತದೆ. ಸಾಕಾದಾಗ ಕೈ ಮಾಡು,” ಎಂದು ಪಿಸುಗುಟ್ಟಿ ಫೋನಿನ ಬಾಯಿ ಮುಚ್ಚಿದ.

ಲಿಯೋನೆಲ್ ಮಗನ ತಲೆಯ ಹತ್ತಿರ ನಿಂತಿದ್ದ. ಪ್ರಾರ್ಥನೆ ನಡೆಯುತ್ತಿತ್ತು, ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಅವನು ನಡುನಡುವೆ ಫೋನಿನ ಕಡೆ ನೋಡಿದ. ಹೆಂಡತಿಯ ಬಾಯಿ ತೆರೆದು ಮುಚ್ಚಿ ಆಗುತ್ತಿತ್ತು. ಅಳುತ್ತಿದ್ದಾಳೆ, ಅಳಲಿ ಎಂದುಕೊಂಡ. ನೋಡುತ್ತಿದ್ದಾಳೆ ಎಂಬುದೊಂದೇ ಅವನಿಗೆ ಆ ಹೊತ್ತಿನ ಸಮಾಧಾನ. ನಾನು ಏನೂ ಮಾಡಲಾರದೆ ಹೋದೆ, ಇದೊಂದನ್ನಾದರೂ ಸರಿಯಾಗಿ ಮಾಡಿದೆ ಎಂದು ಅವನ ಎದೆ ಸ್ವಲ್ಪ ಹಗುರವೂ ಆಯಿತು.

ಜನ ಸಾಲಾಗಿ ಬಂದು ಹೂವು ಹಾಕಿದರು. ನೆರೆಮನೆಯ ಕುಶಲಾ ಪೆಟ್ಟಿಗೆಯಲ್ಲಿ ಒಂದು ಹೂವು ಇಟ್ಟಳು, ಫೋಟೋದ ಬುಡದಲ್ಲಿ ಒಂದು ಇಟ್ಟಳು. ಪಕ್ಕದಲ್ಲಿ ಅಂಥದೇ ಚಿನ್ನದ ಬಣ್ಣದ ಸ್ಟ್ಯಾಂಡಿನ ಮೇಲೆ ಇಮೆಲ್ಡಾಳ ಮುಖ ಇತ್ತಲ್ಲ, ಅದರ ಬುಡದಲ್ಲೂ ಒಂದು ಇಟ್ಟು ಕೈಮುಗಿದಳು. ಹಿಂದೆ ಬಂದವರೂ ಹಾಗೇ ಮಾಡಿದರು. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಒಂದರ ಮೇಲೆ ಸತ್ತ ಮಗ, ಒಂದರ ಮೇಲೆ ಬದುಕಿರುವ ತಾಯಿ, ಇಬ್ಬರ ಮುಂದೆಯೂ ಹೂವು.

ಫಾದರ್ ಪುಸ್ತಕ ಮುಚ್ಚಿ ಲಿಯೋನೆಲ್ಲನ ಮುಖ ನೋಡಿದರು. ಲಿಯೋನೆಲ್ ತಲೆಯೆತ್ತಿ ಹೆಂಡತಿಯ ಮುಖ ನೋಡಿದ. ಕೊಟ್ಟ ಮಾತು ನೆನಪಿತ್ತು. ಅವಳು ಇನ್ನೂ ಒಂದು ಗಂಟೆ ಬೇಕೆಂದರೂ ಫಾದರನ್ನು, ಆಂಬ್ಯುಲೆನ್ಸನ್ನು, ಇಡೀ ಊರನ್ನು ನಿಲ್ಲಿಸಲು ಅವನು ತಯಾರಾಗಿದ್ದ. ಇಮೆಲ್ಡಾ ಅಂಗೈಯನ್ನು ಫೋನಿನ ಎದುರು ಹಿಡಿದು ಆಚೀಚೆ ಅಲ್ಲಾಡಿಸಿದಳು. ತಲೆಯನ್ನೂ ಅಲ್ಲಾಡಿಸಿದಳು.

ಸಾಕು.

ಲಿಯೋನೆಲ್ ಹೆಬ್ಬೆರಳಿನಿಂದ ಮಗನ ಹಣೆಯ ಮೇಲೆ ಶಿಲುಬೆ ಎಳೆದ, ತನ್ನದೊಂದು, ಅವಳದೊಂದು. ಮತ್ತೆ ಕಾರ್ಲ್ಟನ್ನನಿಗೆ ತಲೆಯಾಡಿಸಿದ. ಮುಚ್ಚಳ ಇಳಿಯಿತು. ತಿರುಪು ಹಾಕಿದರು.

ಪೆಟ್ಟಿಗೆ ಹೊತ್ತು ಎಲ್ಲರೂ ಇಗರ್ಜಿಗೆ ಹೊರಟರು. ಆ ಗಡಿಬಿಡಿಯಲ್ಲಿ ಫೋನ್ ಈಸಲ್ ಮೇಲೆಯೇ ಉಳಿಯಿತು. ಪೂಜೆ ಆಗಿ, ಗುಂಡಿಗೆ ಇಳಿಸಿ, ಒಂದೊಂದು ಹಿಡಿ ಕೆಂಪು ಮಣ್ಣು ಹಾಕಿ ಲಿಯೋನೆಲ್ ಮನೆಗೆ ಬಂದಾಗ ಅಂಗಳದಲ್ಲಿ ಕುಶಲಾ ಒಬ್ಬಳೇ ಇದ್ದಳು, ಗಂಜಿಯ ಪಾತ್ರೆ ತಂದಿಟ್ಟಿದ್ದಳು.

“ಇಮೆಲ್ಡಕ್ಕ ಆವಾಗಿಂದ ಹಾಗೇ ಕೂತಿದ್ದಾರೆ,” ಎಂದಳು. “ಪಾಪ, ಅವರ ಮಾತು ಕೇಳುವುದಿಲ್ಲ, ನಾನೇ ಮಾತಾಡಿದೆ. ಎಷ್ಟು ಚೆಂದ ಕಾಣ್ತಿದ್ದ ಅಲ್ವಾ ಅಕ್ಕ, ನಿದ್ದೆ ಮಾಡಿದ ಹಾಗೆ ಇದ್ದ, ಅಂತ ಹೇಳಿದೆ.”

ಲಿಯೋನೆಲ್ ಹೂವುಗಳನ್ನು ಸರಿಸಿ ಫೋನ್ ತೆಗೆದು ಶಬ್ದ ಏರಿಸಿದ. ಪರದೆಯ ಮೇಲೆ ಅವಳು ಬರೆದು ಕಳಿಸಿದ್ದ ಸಂದೇಶಗಳು ಒಂದರ ಮೇಲೊಂದು ಕೂತಿದ್ದವು. ಅವನು ಕನ್ನಡಕ ಹಾಕಿಕೊಂಡಿರಲಿಲ್ಲ.

“ನೋಡಿದೆ ಅಲ್ವಾ?” ಎಂದ.

ಇಮೆಲ್ಡಾಳ ಧ್ವನಿ ಒಡೆದುಹೋಗಿತ್ತು. “ತಗಡು ನೋಡಿದೆ.”

“ಎಂತ?”

“ಚಪ್ಪರದ ತಗಡು. ಅದರಲ್ಲಿ ಒಂದು ತೂತು ಉಂಟು, ನೀರು ಬೀಳ್ತದೆ. ನಿಮ್ಮೆಲ್ಲರ ತಲೆ ನೋಡಿದೆ. ಬಗ್ಗಿದವರೆಲ್ಲ ಕೆಳಗೆ ಹೋಗಿ ಕಾಣದ ಹಾಗೆ ಆಗುತ್ತಿದ್ದರು. ಅವನು ಕೆಳಗೆ ಇದ್ದಾನೆ ಅಂತ ಗೊತ್ತಾಯ್ತು. ಅವನು ಕಾಣಲಿಲ್ಲ.”

ಲಿಯೋನೆಲ್ ಬೆಂಚಿನ ಮೇಲೆ ಕೂತ. ಮಗನ ಪೆಟ್ಟಿಗೆ ಇದ್ದ ಬೆಂಚು. ಅಲ್ಲಿಂದ ಈಸಲ್ ನೋಡಿದ. ಅದು ಹಿಂದಕ್ಕೆ ಒರಗಿ ಚಪ್ಪರದ ತಗಡಿಗೆ ಮುಖ ಮಾಡಿತ್ತು.

“ನೀನು ಕೈ ಮಾಡಿದೆಯಲ್ಲ,” ಎಂದ. “ಸಾಕು ಅಂತ ಕೈ ಮಾಡಿದೆ.”

“ಕಾಣುವುದಿಲ್ಲ ಅಂತ ಮಾಡಿದ್ದು.”

ನಮ್ಮಲ್ಲಿ ಬೇಡ ಎನ್ನುವುದಕ್ಕೂ, ಇಲ್ಲ ಎನ್ನುವುದಕ್ಕೂ, ಸಾಕು ಎನ್ನುವುದಕ್ಕೂ ಒಂದೇ ಕೈ. ಊಟದ ಎಲೆಯ ಮುಂದೆ ಇದರಿಂದ ಯಾರಿಗೂ ತೊಂದರೆಯಾದದ್ದಿಲ್ಲ.

“ಕೈ ಮಾಡಿದ ಮೇಲೆ ನನಗೆ ನೆನಪಾಯ್ತು, ಕಾರ್ಲ್ಟನ್ ಹೇಳಿದ್ದು,” ಎಂದಳು ಇಮೆಲ್ಡಾ. “ಕೂಡಲೇ ಕೈ ಹಿಂದಕ್ಕೆ ತೆಗೆದೆ. ಅಷ್ಟರಲ್ಲಿ ತಿರುಪಿನ ಶಬ್ದ ಕೇಳಿತು.”

ಅವಳು ಬೈಯಲಿಲ್ಲ. ಬೈದಿದ್ದರೆ ಲಿಯೋನೆಲ್ ಆ ಬೈಗುಳ ಹಿಡಿದುಕೊಂಡು ಒಂದಷ್ಟು ದಿನ ಬದುಕುತ್ತಿದ್ದನೇನೋ. “ಎಂತ ಹಾಕಿದಿರಿ ಅವನಿಗೆ?” ಎಂದು ಕೇಳಿದಳು. ನೀಲಿ ಕೋಟು ಎಂದ. “ಕೂದಲು ಬಾಚಿದ್ದಿರಾ?” ಬಾಚಿತ್ತು ಎಂದ. ಯಾವ ಕಡೆಗೆ ಎಂದು ಕೇಳಿದಳು. ಅವನಿಗೆ ನೆನಪಾಗಲಿಲ್ಲ. ಅಷ್ಟು ಹೊತ್ತು ತಲೆಯ ಹತ್ತಿರವೇ ನಿಂತವನಿಗೆ, ಬೈತಲೆ ಎಡಕ್ಕಿತ್ತೋ ಬಲಕ್ಕಿತ್ತೋ ಹೇಳಲಾಗಲಿಲ್ಲ. ಸಂಬಂಧಿಕರು ಮೊಬೈಲಿನಲ್ಲಿ ತೆಗೆದ ಫೋಟೋಗಳಿವೆ, ಕಳಿಸುತ್ತೇನೆ ಎಂದ. ಬೇಡ ಎಂದಳು.

ಮೂರನೇ ದಿನ ಭುಜಂಗ ತಾನೇ ಸಾಮಾನು ಒಯ್ಯಲು ಬಂದ. ಈಸಲ್‌ಗಳನ್ನು ಮಡಚುತ್ತ, ಏನಾದರೂ ಮಾತಾಡಬೇಕಲ್ಲ ಎಂದು, “ಎರಡನೆಯದ್ದಕ್ಕೆ ಬೋರ್ಡ್ ಬರಲಿಲ್ವಾ ಪೊರ್ಬುಗಳೇ?” ಎಂದು ಕೇಳಿದ.

“ಫೋನ್ ಇಟ್ಟದ್ದು. ಅವಳು ನೋಡಲಿಕ್ಕೆ.”

ಭುಜಂಗನ ಕೈ ನಿಂತಿತು. “ಅಯ್ಯೋ, ಕ್ಯಾಮರಾದ್ದು ಬೇರೆ ಉಂಟಲ್ಲ! ನನ್ನ ಹತ್ತಿರವೇ ಇತ್ತು. ಇದರಲ್ಲಿ ಇಟ್ಟದ್ದನ್ನು ಜನ ನೋಡುವುದು. ಇದರಲ್ಲಿ ಇಟ್ಟದ್ದಕ್ಕೆ ಜನರನ್ನು ನೋಡಲಿಕ್ಕೆ ಆಗುವುದಿಲ್ಲ. ನೀವು ಒಂದು ಮಾತು ಹೇಳಿದ್ದರೆ...”

ಲಿಯೋನೆಲ್ ಅವನನ್ನು ದಿಟ್ಟಿಸಿದ. ಮಸ್ಕತ್ತಿನ ಕಿಟಕಿಯ ಒಳಗಿನಿಂದ ಎಷ್ಟೋ ಜನರಿಗೆ ತಾನು ಹೇಳಿದ ಮಾತು ಅದು. ಈಗ ತಾನು ಕಿಟಕಿಯ ಹೊರಗೆ ನಿಂತಿದ್ದ. “ಹೆಸರು ಬರಲಿಲ್ಲ ಭುಜಂಗಣ್ಣ,” ಎಂದ. “ಗೊತ್ತಿತ್ತು. ಆ ದಿನ ಬಾಯಿಗೆ ಬರಲಿಲ್ಲ.” ಭುಜಂಗ ಬಾಡಿಗೆಯ ಮಾತೆತ್ತದೆ ವ್ಯಾನ್ ಹತ್ತಿದ. ಮಗನ ಫೋಟೋವನ್ನು ಲಿಯೋನೆಲ್ ಒಳಗೆ ತಂದು ಗೋಡೆಗೆ ಒರಗಿಸಿದ.

ಆಮೇಲೆ ಯುದ್ಧ ನಿಂತಿತು, ವಿಮಾನಗಳು ಹಾರಿದವು. ಬರುತ್ತೀಯಾ ಎಂದು ಲಿಯೋನೆಲ್ ಕೇಳಿದ. “ಈಗ ಬಂದು ಎಂತ ನೋಡುವುದು?” ಎಂದಳು ಇಮೆಲ್ಡಾ. ಕಟ್ಟಿದ ಪೆಟ್ಟಿಗೆ ಬಿಚ್ಚಿ ಬಟ್ಟೆ ಕಪಾಟಿಗಿಟ್ಟಳಂತೆ.

ದಿನಾ ಸಂಜೆ ಅವಳು ಕಾಲ್ ಮಾಡುತ್ತಾಳೆ, ತಪ್ಪಿಸುವುದಿಲ್ಲ. ಆದರೆ ಫೋನನ್ನು ಮೇಜಿನ ಮೇಲೆ ಮಲಗಿಸಿಬಿಡುತ್ತಾಳೆ. ಮುದುಕಿಗೆ ಊಟ ಮಾಡಿಸಬೇಕು, ಕೈ ಬಿಡುವಿಲ್ಲ ಎನ್ನುತ್ತಾಳೆ, ನಿಜವೂ ಇರಬಹುದು. ಲಿಯೋನೆಲ್ಲನಿಗೆ ಕಾಣುವುದು ಆ ಮನೆಯ ಬಿಳಿ ಛಾವಣಿ, ಒಂದು ಲೈಟು, ಲೈಟಿನ ಹತ್ತಿರ ಒಂದು ಸಣ್ಣ ಬಿರುಕು. ಚಮಚದ ಶಬ್ದ ಕೇಳುತ್ತದೆ, ಮುದುಕಿ ಗೊಣಗುವುದು ಕೇಳುತ್ತದೆ. ಫೋನ್ ಎತ್ತಿ ಹಿಡಿ, ನಿನ್ನ ಮುಖ ತೋರಿಸು ಎಂದು ಅವನು ಒಂದು ದಿನವೂ ಕೇಳಿಲ್ಲ. ಆ ಬಿರುಕನ್ನು ನೋಡುತ್ತ ಕೂರುತ್ತಾನೆ. ಅವಳು ಸಾಕು ಎನ್ನುವವರೆಗೆ ಅವನು ಫೋನ್ ಇಡುವುದಿಲ್ಲ.